ಮೊದಲು ಓದು, ಆಮೇಲೆ ಕುಂಕುಮ ಹಚ್ಚು

ಬೇಗೂರಿನ ಶಾಸನದ ಜೊತೆ ಒಂದು ಕಾಲ್ಪನಿಕ ಸಂದರ್ಶನ

ವಾರಾಂತ್ಯ ಬಂತೆಂದರೆ ಎಲೆಕ್ಟ್ರಾನಿಕ್ ಸಿಟಿಯ ಸುತ್ತಮುತ್ತಲ ಅಪಾರ್ಟ್‌ಮೆಂಟುಗಳು ಖಾಲಿಯಾಗುತ್ತವೆ. ಧರ್ಮಸ್ಥಳ, ಕುಕ್ಕೆ, ತಿರುಪತಿ, ತಿರುವಣ್ಣಾಮಲೈ... ದೇವರು ದೂರದಲ್ಲಿದ್ದಷ್ಟೂ ಪುಣ್ಯ ಜಾಸ್ತಿ ಎಂಬ ಲೆಕ್ಕ. ಹೊಸೂರು ರಸ್ತೆಯಿಂದ ಕೆಲವೇ ಕಿಲೋಮೀಟರ್ ಒಳಗೆ ಬೇಗೂರು. ಅಲ್ಲಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಕಲ್ಲಿದೆ. ಬೆಂಗಳೂರಿನ ಹೆಸರು ಹೇಳುವ ಅತ್ಯಂತ ಹಳೆಯ ದಾಖಲೆ ಎಂದು ಹೆಸರಾದ ಕಲ್ಲು. ವಯಸ್ಸು 1,100 ವರ್ಷದ ಮೇಲೆ. ಇಷ್ಟು ದೊಡ್ಡ ಹಿರಿಯರ ಸಂದರ್ಶನಕ್ಕೆ ಅಪಾಯಿಂಟ್‌ಮೆಂಟು, ಮ್ಯಾನೇಜರು, ಬೌನ್ಸರು ಯಾವುದೂ ಬೇಕಾಗಲಿಲ್ಲ. ಕ್ಯೂ ಕೂಡ ಇರಲಿಲ್ಲ.

ನಾನು: ನಮಸ್ಕಾರ ತಾತ. ನಿಮ್ಮ ಪರಿಚಯ ಸ್ವಲ್ಪ ಹೇಳ್ತೀರಾ?

ಕಲ್ಲು: ಪರಿಚಯ ಎಲ್ಲ ನನ್ನ ಮೈಮೇಲೇ ಬರೆದಿದೆ ಮಗಾ. ಹಳಗನ್ನಡ ಬರುತ್ತಾ?

ನಾನು: ಪಿಯುಸಿಯಲ್ಲಿ ಇತ್ತು. ಗೈಡ್ ಓದಿ ಪಾಸಾದೆ.

ಕಲ್ಲು: ಹಂಗಾದ್ರೆ ನಾನೇ ಹೇಳ್ತೀನಿ ಬಿಡು. ಗಂಗರ ಕಾಲ. ಕ್ರಿ.ಶ. 900ರ ಆಸುಪಾಸು. ಈ ಸೀಮೆಯಲ್ಲಿ ನಾಗತ್ತರ ಅಂತ ಒಬ್ಬ ಅಧಿಕಾರಿ ಇದ್ದ. ಅವನ ಮನೆಯ ಆಳು ಪೆರ್ವೋಣ ಶೆಟ್ಟಿ ಬೆಂಗಳೂರಿನ ಕಾಳಗದಲ್ಲಿ ಸತ್ತ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಶಾಸನತಜ್ಞ ಆರ್. ನರಸಿಂಹಾಚಾರ್ಯರು ಬಂದು ನನ್ನನ್ನು ಓದಿದ್ರು. ನಡುವಿನ ಸಾವಿರ ವರ್ಷ ಜನ ನನ್ನ ಮುಂದೆ ಓಡಾಡಿದ್ದಾರೆ, ಒರಗಿಕೊಂಡು ಎಲೆ ಅಡಿಕೆ ಹಾಕಿದ್ದಾರೆ.

ನಾನು: ಆ ಕಾಳಗ ಯಾರ ಯಾರ ನಡುವೆ ನಡೀತು ತಾತ? ಗೆದ್ದೋರು ಯಾರು?

ಕಲ್ಲು: ಬರೆಸಿದೋರು ಅದನ್ನ ಬರೆಸಲಿಲ್ಲ. ನಿಮ್ಮ ಬಡಾವಣೆಯ ಪಾರ್ಕಿಂಗ್ ಜಗಳದ ಹಾಗೆ. ಯಾಕೆ ಶುರುವಾಯ್ತು ಅನ್ನೋದು ಮರೆತುಹೋಗುತ್ತೆ, ಏಟು ತಿಂದವನ ಹೆಸರು ಮಾತ್ರ ಉಳಿಯುತ್ತೆ.

ನಾನು: ಆದ್ರೆ ನಾವೆಲ್ಲ ಸ್ಕೂಲಲ್ಲಿ ಓದಿದ್ದು ಬೇರೆ. ವೀರಬಲ್ಲಾಳನಿಗೆ ಹಸಿವಾಗಿತ್ತು, ಅಜ್ಜಿ ಬೆಂದ ಕಾಳು ಕೊಟ್ಟಳು, ಆ ‘ಬೆಂದಕಾಳೂರು’ ಬೆಂಗಳೂರಾಯ್ತು...

ಕಲ್ಲು: ಒಳ್ಳೇ ಅಜ್ಜಿ. ನಾನು ಯಾಕೆ ಬೇಡ ಅನ್ನಲಿ? ಆದ್ರೆ ಆ ಬಲ್ಲಾಳ ಪಟ್ಟಕ್ಕೆ ಬಂದಿದ್ದು 1173ರಲ್ಲಿ. ಅಷ್ಟೊತ್ತಿಗೆ ಈ ಹೆಸರು ಹೊತ್ತು ನನಗೆ ಬೆನ್ನು ನೋವು ಬಂದಿತ್ತು. ಕೆಂಪೇಗೌಡರು ಊರು ಕಟ್ಟಿದ್ದು 1537 ಅಂತೀರಿ. ಅವರು ನನಗೆ ಮರಿಮೊಮ್ಮಗನ ಮರಿಮೊಮ್ಮಗನಿಗಿಂತ ಚಿಕ್ಕೋರು.

ನಾನು: ನಿಮಗೆ ಬಂಧು ಬಳಗ ಯಾರಾದರೂ?

ಕಲ್ಲು: ಒಬ್ಬ ಅಣ್ಣ ಇದ್ದಾನೆ. ಬೇಗೂರಿನ ವೀರಗಲ್ಲು ಅಂತಾರೆ. ತುಂಬೆಪಾಡಿ ಅನ್ನೋ ಕಡೆ ವೀರಮಹೇಂದ್ರನ ಸೈನ್ಯದ ಜೊತೆ ಹೋರಾಡಿ ನಾಗತ್ತರ ಸತ್ತ ಕಥೆ ಅವನ ಮೇಲಿದೆ. ಕುದುರೆ, ಆನೆ, ಬಿಲ್ಲು, ಕತ್ತಿ ಎಲ್ಲ ಕೆತ್ತಿದ್ದಾರೆ. ನೋಡೋಕೆ ಲಕ್ಷಣವಾಗಿದ್ದ, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಕೆಲಸಕ್ಕೆ ತಗೊಂಡ್ರು. ಒಡೆಯ ಸತ್ತ ಕಥೆಗೆ ಸಿಟಿಯಲ್ಲಿ ಪೋಸ್ಟಿಂಗು. ಆಳು ಸತ್ತ ಕಥೆಗೆ ಹಳ್ಳಿಯಲ್ಲೇ ಕಾಯಂ ವಾಸ.

ನಾನು: ಬೇಜಾರಿದೆಯಾ?

ಕಲ್ಲು: ಇಲ್ಲ. ಅಣ್ಣನ ಮೇಲಿರೋ ಇನ್ನೊಂದು ವಿಷಯ ನಿನಗೆ ಬೇಕಾಗುತ್ತೆ, ಬರ್ಕೋ. ನಾಗತ್ತರ ಸತ್ತಿದ್ದು ಕೇಳಿ ಗಂಗರ ಎರೆಯಪ್ಪ, ಇರುಗ ಅನ್ನೋನಿಗೆ ನಾಗತ್ತರನ ಪಟ್ಟ ಕಟ್ಟಿ ‘ಬೆಂಪೂರು ಹನ್ನೆರಡು’ ಕೊಟ್ಟ. ಅಂದ್ರೆ ಬೇಗೂರಿಗೆ ಸೇರಿದ ಹಳ್ಳಿಗಳು. ಒಂದೊಂದು ಹಳ್ಳಿಯ ಹೆಸರನ್ನೂ ಕೆತ್ತಿಸಿದ. ಆ ಪಟ್ಟಿಯಲ್ಲಿ ತೊವಗೂರು ಇದೆ, ಇಗ್ಗಲೂರು ಇದೆ, ಕೂಡಲೆ ಇದೆ.

ನಾನು: ತೊವಗೂರು ಅಂದ್ರೆ... ದೊಡ್ಡತೋಗೂರಾ?

ಕಲ್ಲು: ಹ್ಞಾಂ! ಈಗ ನೆಟ್‌ವರ್ಕ್ ಸಿಕ್ತು ನೋಡು. ಕಿಯೋನಿಕ್ಸಿನ ಆರ್.ಕೆ. ಬಾಳಿಗ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದ್ರಲ್ಲ, ಅದು ಎಲ್ಲಿ ಬಂತು? ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಹೊಲಗಳಲ್ಲಿ. ನೀನು ಲಾಗಿನ್ ಆಗೋದು ಇರುಗನ ಜಹಗೀರಲ್ಲಿ ಕಣಪ್ಪಾ. ಕೂಡಲೆ ಅಂತ ಇದೆಯಲ್ಲ, ಅದು ಕೂಡ್ಲು. 2025ರ ಆಗಸ್ಟ್ 10ಕ್ಕೆ ಹಳದಿ ಮೆಟ್ರೋ ಉದ್ಘಾಟನೆಯಾದ ಮೇಲೆ ‘ಮುಂದಿನ ನಿಲ್ದಾಣ ಕೂಡ್ಲು ಗೇಟ್’ ಅಂತ ದಿನಾ ಕೂಗ್ತಾರೆ. ನಮ್ಮ ಪಟ್ಟಿಯನ್ನ ಮತ್ತೆ ಯಾರೋ ಓದ್ತಿದ್ದಾರಲ್ಲ ಅಂತ ನನಗೆ ಸಂತೋಷ.

ನಾನು: ನಮ್ಮ ಅಪಾರ್ಟ್‌ಮೆಂಟ್ ಅಲ್ಲೇ ಇದೆ ತಾತ. ಎ ಖಾತಾನೋ ಬಿ ಖಾತಾನೋ ಇನ್ನೂ ಇತ್ಯರ್ಥ ಆಗಿಲ್ಲ.

ಕಲ್ಲು: ಇರುಗನದು ಕಲ್ಲು ಖಾತಾ. 1,100 ವರ್ಷ ಆದ್ರೂ ಸರ್ವರ್ ಡೌನ್ ಆಗಿಲ್ಲ.

ನಾನು: ಇಲ್ಲಿಗೆ ಬರೋ ಭಕ್ತರ ಬಗ್ಗೆ ಏನಂತೀರಿ?

ಕಲ್ಲು: ಬರ್ತಾರೆ. ನಾಗೇಶ್ವರ, ನಗರೇಶ್ವರ, ಚೋಳೇಶ್ವರ, ಕರ್ಣೇಶ್ವರ, ಕಾಳಿಕಮಠೇಶ್ವರ ಅಂತ ಐದು ಗುಡಿ. ಐದಕ್ಕೂ ಕೈ ಮುಗಿದು ಟಿಕ್ ಹಾಕ್ತಾರೆ. ಹೊಸ ಕಾರಿಗೆ ಪೂಜೆ ಮಾಡಿಸ್ತಾರೆ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ನಿಂಬೆಹಣ್ಣು ಒಂದೇ ಸಲಕ್ಕೆ ಅಪ್ಪಚ್ಚಿಯಾಗುತ್ತೆ. ಕಾರು ಕೊಂಡವನು ಏಳು ವರ್ಷ ಕಂತಿನಲ್ಲಿ ಆಗ್ತಾನೆ.

ನಾನು: ಒಳಗಿನ ಶಿಲ್ಪ ನೋಡ್ತಾರಾ?

ಕಲ್ಲು: ನಾಗೇಶ್ವರನ ಮಂಟಪದ ಚಾವಣಿಯಲ್ಲಿ ಗಂಗರ ಕಾಲದ ಅಷ್ಟದಿಕ್ಪಾಲಕರು ಇದ್ದಾರೆ. ಇಂದ್ರ, ಅಗ್ನಿ, ಯಮ ಎಲ್ಲರೂ ಅವರವರ ದಿಕ್ಕಲ್ಲಿ. ಕತ್ತು ಎತ್ತಿದ್ರೆ ಸಾಕು, ಬಿಟ್ಟಿ ದರ್ಶನ. ಯಾರೂ ಎತ್ತಲ್ಲ. ಹೊರಗೆ ಬಂದು, ಅಡುಗೆಮನೆ ಆಗ್ನೇಯಕ್ಕೆ ಇದೆಯಾ ಅಂತ ಕೇಳೋಕೆ ವಾಸ್ತು ಪಂಡಿತರಿಗೆ ಸಾವಿರಾರು ರೂಪಾಯಿ ಕೊಡ್ತಾರೆ. ಅಗ್ನಿ ಮೇಲಿಂದ ನೋಡ್ತಾ ಕೂತಿರ್ತಾನೆ.

ನಾನು: ‘ಸುತ್ತಮುತ್ತ ನೋಡಬಹುದಾದ ಸ್ಥಳಗಳು’ ಅಂತ ಒಂದು ಬಾಕ್ಸ್ ಹಾಕಬೇಕು. ಏನೇನಿದೆ?

ಕಲ್ಲು: ಹಳೇ ಕೋಟೆ ಇದೆ. ಇತ್ತು ಅಂತ ಹಾಕಿದ್ರೂ ತಪ್ಪಾಗಲ್ಲ. ಮಣ್ಣಿನ ಗೋಡೆಯ ಅವಶೇಷದ ಪಕ್ಕ ಮನೆಗಳೆದ್ದಿವೆ. ಕೆರೆ ಇದೆ. ಅದರ ಮಧ್ಯೆ ಮಣ್ಣು ಸುರಿದು ದ್ವೀಪ ಮಾಡಿ ಶಿವನ ಪ್ರತಿಮೆ ನಿಲ್ಲಿಸಿದ್ರು, ಜನ ಹೈಕೋರ್ಟಿಗೆ ಹೋದ್ರು. ಐದು ಶಿವನ ಗುಡಿ ಪಕ್ಕದಲ್ಲೇ ಇರುವಾಗ ಆರನೆಯವನನ್ನ ನೀರಲ್ಲಿ ನಿಲ್ಲಿಸೋ ಐಡಿಯಾ ಯಾರಿಗೆ ಹೊಳೀತೋ! ಊರಿನೋರು ಕೇಳಿದ್ದು ಕೊಳಚೆ ಸೇರದ ಕೆರೆ.

ನಾನು: ಒಂದು ಸೂಕ್ಷ್ಮ ಪ್ರಶ್ನೆ. ಇಲ್ಲಿ ಲೋಕಲ್ ಯಾರು, ಹೊರಗಿನೋರು ಯಾರು ಅಂತ ದಿನಾ ಜಗಳ. ನೀವು ಯಾರ ಪರ?

ಕಲ್ಲು: ನಾನು ಕನ್ನಡದ ಕಲ್ಲು, ಅದರಲ್ಲಿ ಅನುಮಾನ ಬೇಡ. ಇಂಗ್ಲಿಷ್ ಬೋರ್ಡು ಬರೋಕೆ ಮುಂಚೆ, ಇನ್ನೂ ಇಂಗ್ಲಿಷೇ ನೆಟ್ಟಗಿಲ್ಲದಾಗ, ಇಲ್ಲಿ ಒಬ್ಬ ಮನೆಯಾಳಿನ ಸಾವನ್ನೂ ಕನ್ನಡದಲ್ಲೇ ಬರೆಸಿದ್ರು. ಆದ್ರೆ ನಾನು ಏನೇನು ನೋಡಿದ್ದೀನಿ ಅಂತಾನೂ ಕೇಳು. ಗಂಗರ ಮೇಲೆ ಚೋಳರು ಬಂದ್ರು, ತಲಕಾಡನ್ನ ರಾಜರಾಜಪುರ ಮಾಡಿದ್ರು. ಇಲ್ಲೂ ಗುಡಿ ಕಟ್ಟಿಸಿದ್ರು. ಚೋಳೇಶ್ವರನಿಗೆ ನಮ್ಮೂರ ಜನ ಇವತ್ತೂ ಕೈ ಮುಗೀತಾರೆ. ಇದೇ ಊರಿನ ಇನ್ನೊಂದು ಕಲ್ಲು ಏನು ಹೇಳುತ್ತೆ ಗೊತ್ತಾ? ನಾಗತ್ತರನ ಮಗಳು ತೊಂಡಬ್ಬೆ ಜೈನರ ಸಲ್ಲೇಖನ ವ್ರತ ತಗೊಂಡು, ಉಪವಾಸವಿದ್ದು ಪ್ರಾಣ ಬಿಟ್ಟಳು ಅಂತ. ಶಿವನ ಗುಡಿಯ ಊರಲ್ಲಿ ಅಧಿಕಾರಿಯ ಮಗಳು ಜಿನವ್ರತ ಹಿಡಿದಳು, ಊರು ಅದನ್ನೂ ಕಲ್ಲಲ್ಲಿ ಬರೆಸಿ ಗೌರವ ಕೊಡ್ತು. ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಇಷ್ಟು ಜಾಗ ಇದೆಯಾ?

ನಾನು: ಗ್ರೂಪಿನ ಅಡ್ಮಿನ್ ಮೆಸೇಜ್ ಹಾಕೋದನ್ನೇ ಬಂದ್ ಮಾಡಿದ್ದಾರೆ ತಾತ. ಅದಿರಲಿ, ನಿಮ್ಮನ್ನೂ ಮೀರಿಸೋ ಶಾಸನ ಹೆಬ್ಬಾಳದಲ್ಲಿ ಸಿಕ್ಕಿದೆಯಂತೆ?

ಕಲ್ಲು: ಕಿತ್ತಯ್ಯನ ಕಲ್ಲು. ಕ್ರಿ.ಶ. 750ರದ್ದು, ಗಂಗರ ಶ್ರೀಪುರುಷನ ಕಾಲ. ನನಗಿಂತ ನೂರೈವತ್ತು ವರ್ಷ ಹಿರಿಯ. ಚರಂಡಿ ಅಗೆಯುವಾಗ ಸಿಕ್ಕ. ಅಲ್ಲಿನ ಜನ ಪಾಪ ಚಂದಾ ಎತ್ತಿ ಅವನಿಗೊಂದು ಮಂಟಪ ಕಟ್ಟಿದ್ರು. ಬೆಂಗಳೂರು ಅನ್ನೋ ಹೆಸರು ಅವನ ಹತ್ರ ಇಲ್ಲ, ಅಷ್ಟು ಸಮಾಧಾನ ನನಗಿದೆ. ಹಿರಿಯರಿಗೂ ಸ್ವಲ್ಪ ಹೊಟ್ಟೆಕಿಚ್ಚು ಇರುತ್ತೆ ಮಗಾ.

ನಾನು: ನಿಮ್ಮಂಥ ಕಲ್ಲುಗಳನ್ನ ಈಗ ತ್ರೀಡಿ ಸ್ಕ್ಯಾನ್ ಮಾಡ್ತಾರಂತಲ್ಲ?

ಕಲ್ಲು: ಹೌದು, 2021ರಿಂದ ಮಿಥಿಕ್ ಸೊಸೈಟಿಯೋರು ಊರೂರು ಸುತ್ತಿ ಮಾಡ್ತಿದ್ದಾರೆ. ಯಂತ್ರ ಹಿಡಿದು ನಮ್ಮ ಒಂದೊಂದು ಅಕ್ಷರದ ಆಳ ಅಳೀತಾರೆ. ಕಣ್ಣಿಗೆ ಕಾಣದೇ ಹೋದ ಅಕ್ಷರ ಕಂಪ್ಯೂಟರಲ್ಲಿ ಎದ್ದು ಬರುತ್ತೆ. ತೋಗೂರಲ್ಲಿ ಕೂತು ಇಡೀ ಪ್ರಪಂಚದ ಡೇಟಾ ಕಾಯ್ತೀರಲ್ಲ, ನಿಮ್ಮೂರಿನ ಡೇಟಾಗೆ ಬ್ಯಾಕಪ್ ತಗೊಳ್ತಿರೋರು ಆ ನಾಲ್ಕು ಜನ. ಅವರು ಬರೋಕೆ ಮುಂಚೆ ಎಷ್ಟು ಕಲ್ಲು ಬಟ್ಟೆ ಒಗೆಯೋಕೆ, ಮೋರಿ ಮುಚ್ಚೋಕೆ, ಪಾಯಕ್ಕೆ ಹೋದವೋ. ಇನ್ನು ಕೆಲವಕ್ಕೆ ಭಕ್ತಿ ಜಾಸ್ತಿಯಾಗಿ ಎಣ್ಣೆ, ಕುಂಕುಮ, ಮೇಲೆ ಆಯಿಲ್ ಪೇಂಟು. ದೇವರಾದ ಮೇಲೆ ಓದೋರು ಯಾರು?

ನಾನು: ಪೂಜೆ ಮಾಡೋದು ತಪ್ಪಾ?

ಕಲ್ಲು: ತಪ್ಪಲ್ಲ. ಮೊದಲು ಓದು, ಆಮೇಲೆ ಕುಂಕುಮ ಹಚ್ಚು. ಅಕ್ಷರದ ಮೇಲೆ ಬೇಡ, ಪಕ್ಕದಲ್ಲಿ ಹಚ್ಚು.

ನಾನು: ಕೊನೆಯ ಪ್ರಶ್ನೆ. ಸಂಬಳಕ್ಕೆ ದುಡಿಯೋ ನಮ್ಮಂಥೋರಿಗೆ ನಿಮ್ಮಿಂದ ಏನು ಪಾಠ?

ಕಲ್ಲು: ಪೆರ್ವೋಣ ಶೆಟ್ಟಿ ರಾಜ ಅಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ಇನ್ನೊಬ್ಬರ ಮನೆಯಲ್ಲಿ ದುಡೀತಿದ್ದವನು. ಅವನು ಸತ್ತಾಗ ಒಂದು ಕಲ್ಲು ತರಿಸಿ, ಕೂಲಿ ಕೊಟ್ಟು, ಹೆಸರು ಕೆತ್ತಿಸಿದ್ರು. ನಿಮ್ಮಲ್ಲಿ ಕೆಲಸ ಹೋಗೋ ದಿನ ಮಧ್ಯಾಹ್ನದೊಳಗೆ ಐಡಿ ಕಾರ್ಡು ಸತ್ತಿರುತ್ತೆ, ಗೇಟಲ್ಲಿರೋ ಸೆಕ್ಯುರಿಟಿಗೆ ನಿಮ್ಮ ಮುಖವೂ ಮರೆತಿರುತ್ತೆ. ನಿಮ್ಮ ಕಂಪನಿಗಳು ಯಾರ ಹೆಸರನ್ನ ಕಲ್ಲಲ್ಲಿ ಬರೆಸ್ತಾವೆ? ಉದ್ಘಾಟನೆ ಮಾಡಿದ ಮಂತ್ರಿಯದು. ಬೆಂಗಳೂರು ಅನ್ನೋ ಹೆಸರು ಉಳಿದಿದ್ದು ಒಬ್ಬ ಆಳಿನ ಹೆಸರಿನ ಜೊತೆಗೆ, ಅದನ್ನ ನೆನಪಿಟ್ಟುಕೋ.

ನಾನು: ಓದುಗರಿಗೆ ಏನಾದರೂ ಹೇಳ್ತೀರಾ?

ಕಲ್ಲು: ತಿರುಪತಿಗೆ ಹೋಗಿ, ಧರ್ಮಸ್ಥಳಕ್ಕೆ ಹೋಗಿ, ಬೇಡ ಅನ್ನಲ್ಲ. ಒಂದು ಭಾನುವಾರ ಮಕ್ಕಳನ್ನ ಕರ್ಕೊಂಡು ಇಲ್ಲಿಗೂ ಬನ್ನಿ. ಅಣ್ಣನನ್ನ ನೋಡೋಕೆ ಮ್ಯೂಸಿಯಮ್ಮಿಗೂ ಹೋಗಿ. ಸರ್ಜಾಪುರವೋ ಕಾಡುಗೋಡಿಯೋ ಪೀಣ್ಯವೋ, ಎಲ್ಲೇ ಪಾಯ ತೋಡಿಸಿದ್ರೂ ಅಕ್ಷರ ಇರೋ ಕಲ್ಲು ಸಿಕ್ಕಿದ್ರೆ ಜೆಸಿಬಿ ನಿಲ್ಲಿಸಿ. ಒಂದು ಫೋಟೋ ತೆಗೆದು ಪುರಾತತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಿ. ಆ ಕಲ್ಲಿನ ಮೇಲೆ ಯಾರ ಹೆಸರಿದೆಯೋ, ಅವನು ಬದುಕಿದ್ದ ಅನ್ನೋಕೆ ಪ್ರಪಂಚದಲ್ಲಿ ಬೇರೆ ಸಾಕ್ಷಿ ಇಲ್ಲ.