ಅನ್‌ಟ್ಯಾಗ್ಡ್ ಪೋರ್ಟ್ ಮೀಮಾಂಸೆ: ಕೋಲಾರ ಸೀಮೆಯ ಟೊಮೆಟೊ ಕ್ರೇಟಿನ ಪ್ರಮಾಣದಿಂದ

ನೆಟ್‌ವರ್ಕ್ ಸ್ವಿಚ್ಚಿನ ಸೆಟ್ಟಿಂಗ್ ಪುಟದಲ್ಲಿ ಕಾಣಿಸಿಕೊಳ್ಳುವ ‘ಅನ್‌ಟ್ಯಾಗ್ಡ್’ ಎಂಬ ಪದವನ್ನು ಕುರಿತು ಕೋಲಾರ ಸೀಮೆಯ ಕೇಬಲ್ ಪಂಡಿತರಲ್ಲಿ ಎರಡು ಪಂಥಗಳಿವೆ. ಅದು ಯಾವ ವಿಲ್ಯಾನಿಗೂ ಸೇರದ ಪೋರ್ಟು ಎಂಬುದು ಪೂರ್ವಪಕ್ಷ. ಅದಕ್ಕೂ ಒಂದು ವಿಲ್ಯಾನ್ ಇದ್ದೇ ಇದೆ, ಆದರೆ ಆ ಸಂಗತಿ ಸ್ವಿಚ್ಚಿಗೆ ಮಾತ್ರ ಗೊತ್ತು, ತಂತಿಯ ಆಚೆ ತುದಿಯ ಕಂಪ್ಯೂಟರಿಗೆ ಅದರ ಗಂಧಗಾಳಿಯೂ ಇಲ್ಲ ಎಂಬುದು ಸಿದ್ಧಾಂತ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಈ ವಾದವು ಕನ್ನಡದಲ್ಲಿ ಆರಂಭವಾಗಿ ತೆಲುಗಿನಲ್ಲಿ ತಾರಕಕ್ಕೇರುವುದರಿಂದ ಎರಡೂ ಭಾಷೆಗಳ ಶಾಸ್ತ್ರಸಾಹಿತ್ಯಕ್ಕೆ ಸಮಾನ ಲಾಭವಾಗಿದೆ.

ವಿಲ್ಯಾನ್ ಎಂಬುದು ಒಂದೇ ಸ್ವಿಚ್ಚಿನ ಪೋರ್ಟುಗಳನ್ನು, ಒಂದರ ಗದ್ದಲ ಇನ್ನೊಂದಕ್ಕೆ ಕೇಳಿಸದ ಹಾಗೆ, ಗುಂಪುಗಳಾಗಿ ಬೇರ್ಪಡಿಸುವ ಏರ್ಪಾಡು. 1998ರಲ್ಲಿ ಪ್ರಕಟವಾದ ಐಇಇಇ 802.1ಕ್ಯೂ ಮಾನದಂಡದ ಪ್ರಕಾರ, ದತ್ತಾಂಶದ ಕಟ್ಟಾದ ಫ್ರೇಮಿನೊಳಗೆ, ಕಳಿಸಿದವರ ವಿಳಾಸ ಮುಗಿದೊಡನೆ, 4 ಬೈಟ್‌ಗಳ ಟ್ಯಾಗ್ ಸೇರುತ್ತದೆ. ಅದರಲ್ಲಿ ಗುಂಪಿನ ಸಂಖ್ಯೆಗೆಂದು 12 ಬಿಟ್‌ಗಳಿರುವುದರಿಂದ 4096 ಸಂಖ್ಯೆಗಳು ಹುಟ್ಟುತ್ತವೆ. 0 ಮತ್ತು 4095 ಮೀಸಲಾಗಿ ಬಳಕೆಗೆ ಉಳಿಯುವವು 4094. ಇವನ್ನು ಕೋಲಾರ ಜಿಲ್ಲೆಯ ಆರು ತಾಲ್ಲೂಕುಗಳಿಗೆ ಸಮನಾಗಿ ಹಂಚಿದರೆ ತಲಾ 682 ಸಂದು ಎರಡು ಮಿಗುತ್ತವೆ. ಆ ಎರಡನ್ನು ಕುರಿತು ಸದ್ಯಕ್ಕೆ ವ್ಯಾಜ್ಯ ಹುಟ್ಟಿಲ್ಲ.

ಸಿದ್ಧಾಂತಕ್ಕೆ ಪ್ರತ್ಯಕ್ಷ ಪ್ರಮಾಣವು ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿಯೇ ದೊರೆಯುತ್ತದೆ. ಅಲ್ಲಿಗೆ 15 ಕೆಜಿಯ ಕ್ರೇಟಿನಲ್ಲಿ ಬರುವ ಟೊಮೆಟೊ ತನ್ನ ಮೈಮೇಲೆ ಯಾರ ಹೆಸರನ್ನೂ ಬರೆದುಕೊಂಡಿರದಿದ್ದರೂ, ಯಾವ ಮಂಡಿಯ ಮುಂದೆ ಇಳಿಯಿತೋ ಆ ಮಂಡಿಯ ಲೆಕ್ಕಕ್ಕೇ ಸೇರುತ್ತದೆ. ಹೀಗೆ ಗುರುತಿಲ್ಲದೆ ಒಳಬಂದ ಫ್ರೇಮಿಗೆ ಪೋರ್ಟು ತಾನಾಗಿ ಹಚ್ಚುವ ಸಂಖ್ಯೆಗೆ ಪಿವಿಐಡಿ ಎಂದು ಹೆಸರು. ಹಲವು ಮಂಡಿಗಳ ಮಾಲು ಒಂದೇ ಲಾರಿಯಲ್ಲಿ ಹೊರರಾಜ್ಯಕ್ಕೆ ಹೊರಟಾಗ ಮಾತ್ರ ಪ್ರತಿಯೊಂದಕ್ಕೂ ಗುರುತು ಬೇಕಾಗುತ್ತದೆ. ಎರಡು ಸ್ವಿಚ್‌ಗಳ ನಡುವಿನ ಅಂಥ ಲಾರಿಯೇ ಟ್ರಂಕ್. ಟ್ರಂಕಿನಲ್ಲಿಯೂ ಒಂದು ಗುಂಪು ಗುರುತಿಲ್ಲದೆ ಪಯಣಿಸಬಹುದಾಗಿದ್ದು, ಅದನ್ನು ನೇಟಿವ್ ವಿಲ್ಯಾನ್ ಎನ್ನುತ್ತಾರೆ. ಅದು ಯಾರ ಮಾಲೆಂಬುದರಲ್ಲಿ ಹತ್ತಿಸಿದವರಿಗೂ ಇಳಿಸಿಕೊಳ್ಳುವವರಿಗೂ ಒಮ್ಮತವಿಲ್ಲದಿದ್ದರೆ ಮಾಲೂರಿನ ಮಾಲು ಮುಳಬಾಗಿಲಿನ ಖಾತೆಗೆ ಜಮೆಯಾಗುತ್ತದೆ.

ಆದರೆ ಶಾಸ್ತ್ರದ ನಿಜವಾದ ಗಂಟು ಬೇರೆಡೆ ಇದೆ. ‘ಅನ್‌ಟ್ಯಾಗ್ಡ್’ ಎಂಬ ಗುರುತು ಪೋರ್ಟಿನಿಂದ ಹೊರಹೋಗುವ ಫ್ರೇಮಿನ ಟ್ಯಾಗನ್ನು ಕಿತ್ತುಹಾಕಬೇಕೆಂದು ಹೇಳುತ್ತದೆಯೇ ಹೊರತು ಒಳಬರುವುದರ ಬಗ್ಗೆ ಏನನ್ನೂ ಹೇಳುವುದಿಲ್ಲ. ಗುರುತಿಲ್ಲದೆ ಒಳಬರುವುದು ಪೂರ್ತಿ ಪಿವಿಐಡಿಯ ಅಧೀನ. ಸಿಸ್ಕೊ ಸ್ವಿಚ್‌ಗಳಲ್ಲಿ ಆಕ್ಸೆಸ್ ಪೋರ್ಟ್ ಎಂದೊಡನೆ ಎರಡೂ ಒಟ್ಟಿಗೆ ಇತ್ಯರ್ಥವಾಗುತ್ತವೆ. ಟಿಪಿ-ಲಿಂಕ್, ನೆಟ್‌ಗೇರ್‌ಗಳ ಅಗ್ಗದ ಮಾದರಿಗಳಲ್ಲಿ ಇವು ಎರಡು ಬೇರೆ ಪುಟಗಳಾಗಿದ್ದು, ಎರಡನೆಯ ಪುಟವನ್ನು ತೆರೆಯದಿರುವುದು ಗುರುಪರಂಪರೆಯಿಂದ ಬಂದ ಆಚಾರ.

ಕೋಲಾರದಲ್ಲಿ ಒಂದು ಕಲ್ಪಿತ ಮಂಡಿಯಿದ್ದು, ಕೋಲಾರದ ಲೆಕ್ಕಕ್ಕೆ 10, ಮಾಲೂರಿಗೆ 20, ಮುಳಬಾಗಿಲಿಗೆ 30, ಶ್ರೀನಿವಾಸಪುರದ ಮಾವಿಗೆ 40 ಎಂದು ವಿಲ್ಯಾನ್ ಹಂಚಿದೆಯೆಂದು ಭಾವಿಸಬಹುದು. ಐದನೆಯ ಪೋರ್ಟನ್ನು ವಿಲ್ಯಾನ್ 1ರಿಂದ ತೆಗೆದು 40ರಲ್ಲಿ ಅನ್‌ಟ್ಯಾಗ್ಡ್ ಮಾಡಿದ್ದಾಗಿದೆ. ಪಿವಿಐಡಿ ಮಾತ್ರ ಕಾರ್ಖಾನೆಯಿಂದ ಬಂದ 1 ಆಗಿಯೇ ಉಳಿದಿದೆ. ಆಗ ಮಾವಿನ ಗುಮಾಸ್ತರ ಕಂಪ್ಯೂಟರಿಗೆ 40ರವರ ಕೂಗು ಕೇಳಿಸುತ್ತದೆ, ಆದರೆ ಅದರ ಉತ್ತರ 1ಕ್ಕೆ ಹೋಗಿ ಬೀಳುತ್ತದೆ ಅಥವಾ ಬಾಗಿಲಲ್ಲೇ ಕಸವಾಗುತ್ತದೆ. ಅದು ಐಪಿ ವಿಳಾಸ ಬೇಡಿ, ಕಾದು, ಬೇಸತ್ತು, ಕೊನೆಗೆ 169.254ರಿಂದ ಆರಂಭವಾಗುವ ವಿಳಾಸವೊಂದನ್ನು ತಾನೇ ಇಟ್ಟುಕೊಳ್ಳುತ್ತದೆ. ಪೋರ್ಟಿನ ಹಸಿರು ದೀಪ ಮಾತ್ರ ಏನೂ ಆಗಿಲ್ಲವೆಂಬಂತೆ ಮಿನುಗುತ್ತಿರುತ್ತದೆ. ಈ ಲಕ್ಷಣ ಕಂಡೊಡನೆ ಜಾಕ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡುವುದು ಪೂರ್ವಪಕ್ಷದವರು ವಿಧಿಸುವ ಪ್ರಾಯಶ್ಚಿತ್ತ. ಅದಕ್ಕೂ ಜಗ್ಗದಿದ್ದರೆ ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಚುಚ್ಚುತ್ತಾರೆ, ಅಲ್ಲಿ ಕೆಲಸ ಶುರುವಾದರೆ ಐದನೆಯ ಪೋರ್ಟು ಸುಟ್ಟಿದೆಯೆಂದು ಘೋಷಿಸಿ ಅದರ ಮೇಲೆ ಟೇಪು ಅಂಟಿಸುತ್ತಾರೆ. ಸಿದ್ಧಾಂತಿಗಳು ಪಿವಿಐಡಿಯನ್ನು 40 ಮಾಡಿ ಎದ್ದುಹೋಗುತ್ತಾರೆ. ಕೆಲಸ ಎರಡು ನಿಮಿಷದಲ್ಲಿ ಮುಗಿಯುವುದರಿಂದ ಅವರಿಗೆ ಕೂಲಿ ಕೊಡಲು ಮಂಡಿಯವರು ಹಿಂದೆಮುಂದೆ ನೋಡುತ್ತಾರೆ.

ಹೀಗೆ ಹೋಗುವ ಅವಸರದಲ್ಲಿ ಸೇವ್ ಗುಂಡಿಯನ್ನು ಒತ್ತದಿರುವುದು ಸಿದ್ಧಾಂತ ಪಂಥದ ಏಕೈಕ ದೋಷವಾಗಿದ್ದು, ಬದಲಾವಣೆಯನ್ನು ತಾನಾಗಿ ಉಳಿಸಿಕೊಳ್ಳದ ಸ್ವಿಚ್‌ಗಳಲ್ಲಿ ಕರೆಂಟು ಹೋಗಿ ಬಂದೊಡನೆ ಪಿವಿಐಡಿ ಮತ್ತೆ 1 ಆಗುವುದರಿಂದ, ಅದರ ಫಲವಾಗಿ ಟೇಪು ಅಂಟಿಸಿದವರಿಗೇ ಮರುದಿನ ಮಂಡಿಯಿಂದ ಫೋನ್ ಬರುತ್ತದೆ.