ಷಡ್ಡಕರ ಪಟ್ಟಿಯಲ್ಲಿ ಪಾಂಡಿಚೇರಿ

ಮಲ್ಪೆ, ಕಾರವಾರ ಕಂಡವರಿಗೆ ಸಂಜೆ ಕಡಲ ಮುಂದೆ ನಿಂತರೆ ಸೂರ್ಯ ಕಣ್ಣೆದುರೇ ಮುಳುಗಬೇಕು. ಪಾಂಡಿಚೇರಿಯ ಬೀಚ್ ರಸ್ತೆಯಲ್ಲಿ ಅವನು ಬೆನ್ನ ಹಿಂದೆ, ಊರಿನ ತಾರಸಿಗಳಾಚೆ, ಹೇಳದೆ ಕೇಳದೆ ಹೋಗಿಬಿಡುತ್ತಾನೆ. ಪೂರ್ವದ ಸಮುದ್ರ, ಏನು ಮಾಡುವುದು! ಬೆಂಗಳೂರಿನಿಂದ ಬಂದ ಪ್ರತಿ ಗುಂಪಿನಲ್ಲೂ ಫೋನು ಎತ್ತಿಹಿಡಿದು ಕಾಯುವವರು ಒಬ್ಬರಿರುತ್ತಾರೆ. ನಮ್ಮಲ್ಲಿ ಆ ಪಾತ್ರ ನನ್ನ ಷಡ್ಡಕರದ್ದು.

"ಮೋಡ ಇರ್ಬೇಕು," ಅಂದರು ಕಡೆಗೆ.

ಷಡ್ಡಕರು ಊರು ನೋಡುವುದು ಬ್ಯಾಂಕಿನ ಆಡಿಟ್ ಮಾಡಿದ ಹಾಗೆ. ಜೇಬಿನಲ್ಲಿ ಪಟ್ಟಿ, ಕಿವಿಗೆ ಸಿಕ್ಕಿಸಿದ ಪೆನ್ನು. ನನ್ನ ವಾದ ಬೇರೆ. ಸಂಜೆ 6ರಿಂದ ಬೆಳಿಗ್ಗೆ 7.30ರವರೆಗೆ ವಾಹನ ಬಿಡದೆ ಒಂದು ಊರು ತನ್ನ ರಸ್ತೆಯನ್ನು ಜನರ ಕೈಗೆ ಕೊಟ್ಟಿರುವಾಗ, ಅಲ್ಲಿ ಏನೂ ಮಾಡದೆ ಕೂರುವುದೇ ಆ ಊರಿಗೆ ತೋರುವ ಮರ್ಯಾದೆ. ಬೆಂಗಳೂರಿನ ಫುಟ್‌ಪಾತಿನಲ್ಲೇ ಸ್ಕೂಟರಿಗೆ ದಾರಿ ಬಿಡುವ ನಾನು ಇಲ್ಲಿ ನಟ್ಟನಡು ರಸ್ತೆಯಲ್ಲಿ ನಿಂತು ಸುಂಡಲ್ ತಿಂದೆ. ಬಿಸಿ ಬಟಾಣಿ, ತೆಂಗಿನ ತುರಿ, ಪೊಟ್ಟಣದ ತಳದಲ್ಲಿ ಅಡಗಿ ಕೂತ ಮಾವಿನಕಾಯಿ ಚೂರು. ಮರಳು ಹೆಚ್ಚಿಲ್ಲ, ಬಂದರಿನ ಗೋಡೆಗಳು ಎದ್ದ ಮೇಲೆ ಅದನ್ನು ಅಲೆ ಕೊಚ್ಚಿಕೊಂಡು ಹೋಗಿ ಕರೀ ಬಂಡೆಗಳು ಬಂದಿವೆ. ಕೂರುವವನಿಗೆ ಬಂಡೆಯೂ ಆದೀತು.

"ಏಳ್ರೀ, ಗಾಂಧಿ ಬಾಕಿ ಇದಾರೆ!"

ಸೆಂಜಿಯಿಂದ ತಂದ ಎಂಟು ಕಲ್ಲುಕಂಬಗಳ ನಡುವೆ ಗಾಂಧೀಜಿ ಕೋಲು ಹಿಡಿದು ನಡೆಯುತ್ತಿದ್ದಾರೆ. ರಸ್ತೆಯ ದಕ್ಷಿಣದ ತುದಿಯಲ್ಲಿ, 1742ರಿಂದ 1754ರವರೆಗೆ ಇಲ್ಲಿ ಗವರ್ನರ್ ಆಗಿದ್ದ ಡೂಪ್ಲೆ ನಿಂತಿದ್ದಾನೆ. ಫ್ರೆಂಚರ ಸಾಮ್ರಾಜ್ಯಕ್ಕಾಗಿ ಕೈಯಿಂದ ದುಡ್ಡು ಸುರಿದು, ಕಂಪನಿ ಅದನ್ನು ಹಿಂದಿರುಗಿಸದೆ ಬಡವನಾಗಿ ಸತ್ತವನು. ನನ್ನ ಹೆಂಡತಿ ನಡೆಯುವವರನ್ನೂ ನಿಂತವನನ್ನೂ ನೋಡಿ, ಆಮೇಲೆ ನನ್ನ ಹೊಟ್ಟೆಯನ್ನೂ ನೋಡಿ, "ಯಾರ ಹಾಗಿರ್ಬೇಕು ಅಂತ ನೀವೇ ತೀರ್ಮಾನ ಮಾಡಿ," ಅಂದಳು.

ಮರುದಿನ ಮ್ಯೂಸಿಯಂ. ರೋಮಿನ ದ್ರಾಕ್ಷಾರಸ ತುಂಬಿ ಪಕ್ಕದ ಅರಿಕಮೇಡುವಿಗೆ ಬರುತ್ತಿದ್ದ ಎರಡು ಸಾವಿರ ವರ್ಷದ ಹಿಂದಿನ ಹೂಜಿಗಳ ಚೂರು. ಈ ಊರಿನ ಖ್ಯಾತಿ ಇಂದು ನಿನ್ನೆಯದಲ್ಲ.

ಅಲ್ಲಿಂದ ಭಾರತಿ ಪಾರ್ಕಿನ ಬಿಳಿಯ ಆಯಿ ಮಂಟಪ. ನಾವು ನೆರಳು ಹುಡುಕುವಷ್ಟರಲ್ಲಿ ಷಡ್ಡಕರು ಚಪ್ಪಲಿ ಕಳಚಿ, ಕೈಮುಗಿದು, ಕೆನ್ನೆ ತಟ್ಟಿಕೊಂಡು ಆಗಿತ್ತು.

"ಭಾವ, ಅದು ಗುಡಿಯಲ್ಲ," ಎಂದು ಹೆಂಡತಿ ಕಥೆ ಹೇಳಿದಳು. ದೀಪಗಳಿಂದ ಬೆಳಗುತ್ತಿದ್ದ ಭವನವನ್ನು ಗುಡಿಯೆಂದು ತಿಳಿದು ನಮ್ಮ ಕೃಷ್ಣದೇವರಾಯ ಕೈಮುಗಿದನಂತೆ. ಅದು ಆಯಿ ಎಂಬ ಗಣಿಕೆಯ ಮನೆಯೆಂದು ಗೊತ್ತಾದಾಗ ಕೆಡವಲು ಅಪ್ಪಣೆಯಾಯಿತಂತೆ. ತಪ್ಪು ದೊರೆಯದು, ಬಿದ್ದದ್ದು ಅವಳ ಗೋಡೆ! ಆಯಿ ತಾನೇ ಕೆಡವಿಸಿ, ಅಲ್ಲೊಂದು ಕೆರೆ ಕಟ್ಟಿಸಿದಳಂತೆ. ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಅಲ್ಲಿಂದ ಪಟ್ಟಣಕ್ಕೆ ನೀರು ತಂದ ಫ್ರೆಂಚರು ಆ ನೆನಪಿಗೆ ಮಂಟಪ ನಿಲ್ಲಿಸಿದರು. ಪುದುಚೇರಿ ಸರ್ಕಾರದ ಲಾಂಛನದಲ್ಲಿರುವುದೂ ಇದೇ.

ಷಡ್ಡಕರು ಗಂಭೀರವಾಗಿ ಕೇಳಿಸಿಕೊಂಡರು. "ಊರಿಗೆ ನೀರು ಕೊಟ್ಟಿದಾಳೆ, ಪುಣ್ಯಾತ್ಗಿತ್ತಿ," ಎಂದು ಮತ್ತೊಮ್ಮೆ ಕೈಮುಗಿದು, ಪಟ್ಟಿ ತೆಗೆದು, 'ಸ್ಮಾರಕ'ದ ಕೆಳಗೊಂದು, 'ದೇವಸ್ಥಾನ'ದ ಕೆಳಗೊಂದು ಟಿಕ್ ಹಾಕಿದರು.