ಸ್ವಲ್ಪ ಮುಂದಕ್ಕೆ ಬನ್ನಿ ಸ್ವಾಮಿ

ಪಕ್ಕದ ಮನೆ ಮೇಷ್ಟ್ರ ಮೊಮ್ಮಗ ಬೆಂಗಳೂರಿಂದ ರಜಕ್ಕೆ ಬಂದಿದ್ದಾನೆ. ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಹಳೇ ಬನಿಯನ್ ಚೂರಿನಲ್ಲಿ ಜಾವಾದ ಟ್ಯಾಂಕು ಒರೆಸುತ್ತಿದ್ದೆ. ಹುಡುಗ ದಾಸವಾಳದ ಬೇಲಿ ಪಕ್ಕ ನಿಂತು ಐದು ನಿಮಿಷ ನೋಡಿದ. ಮೈಲೇಜ್ ಎಷ್ಟು ಅಂತ ಕೇಳಲಿಲ್ಲ, ಯಾವ ಕಾಲದ ಗಾಡಿ ಅಂತಲೂ ಕೇಳಲಿಲ್ಲ.

"ಅಂಕಲ್, ಇದ್ರಲ್ಲಿ ವೀಲಿಂಗ್ ಮಾಡ್ಬಹುದಾ? ಅಷ್ಟು ಪವರ್ ಇದ್ಯಾ?" ಅಂದ.

ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು. 1969ರ ಗಾಡಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಹೊರಬಿದ್ದು ನಮ್ಮಪ್ಪನ ಕೈಗೆ ಬಂದದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿಕೊಂಡಿತು, ಗಾಡಿ ಮಾತ್ರ ಇನ್ನೂ ಬೆಳಿಗ್ಗೆ ಎರಡು ಕಿಕ್ಕಿಗೆ ಎದ್ದು ಕೂರುತ್ತದೆ. ಅಂಥದ್ದರ ಮುಂದೆ ನಿಂತು ವೀಲಿಂಗ್ ಬರುತ್ತಾ ಅಂತ ಕೇಳುವುದು, ರಾಗಿ ಮುದ್ದೆ ತಿರುವುತ್ತಾ ಕೂತ ಅಜ್ಜಿಯನ್ನು ಹೈಜಂಪ್ ಮಾಡ್ತೀಯಾ ಅಂತ ಕೇಳಿದ ಹಾಗೆ.

ನಾನು ಬಾಯಿ ಬಿಡುವ ಮೊದಲೇ ಮೇಷ್ಟ್ರು ಕಾಫಿ ಲೋಟ ಹಿಡಿದು ಬೇಲಿಗೆ ಬಂದರು. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಅವರ ಶೆಡ್ಡಿನಲ್ಲಿರುವುದು ಬುಲೆಟ್ಟು, ಬಲಗಡೆ ಗೇರಿನದು.

"ಏಳಲ್ಲ ಕಣೋ ಮಗು. ಅವರ ಗಾಡಿಗೆ ಇರೋದೇ 12 ಕುದುರೆ. ನಮ್ಮದಾದ್ರೆ 18."

"ಹಾಗಾದ್ರೆ ನಿಮ್ಮದು ಏಳತ್ತಾ ತಾತ?"

ಮೇಷ್ಟ್ರು ಕಾಫಿ ಕುಡಿದರು. ಉತ್ತರ ಹೊಳೆಯದಿದ್ದಾಗ ಅವರ ಕಾಫಿ ನಿಧಾನವಾಗುತ್ತದೆ.

"ಮೇಷ್ಟ್ರೇ, ಕುದುರೆ ಲೆಕ್ಕ ಬಿಡಿ," ಅಂದೆ. "1985ರಲ್ಲಿ ಆರ್‌ಎಕ್ಸ್ 100 ಬಂತಲ್ಲ, ಅದಕ್ಕೆ ಎಷ್ಟಿತ್ತು? 11. ನನ್ನ ಜಾವಾಕ್ಕಿಂತ ಒಂದು ಕಮ್ಮಿ, ನಿಮ್ಮ ಬುಲೆಟ್ಟಿಗಿಂತ ಏಳು ಕಮ್ಮಿ. ಆದರೆ ಆ ಕಾಲದ ಕಾಲೇಜು ಹುಡುಗರು ಹಾಸ್ಟೆಲ್ ಗೇಟಿನ ಮುಂದೆ ಮುಂಚಕ್ರ ಎತ್ತಿದ್ದು ಯಾವುದರಲ್ಲಿ? ಅದರಲ್ಲೇ ತಾನೆ? ಅದನ್ನೂ ಬಿಡಿ. ಈಗ ಬೆಂಗಳೂರಲ್ಲಿ ಹುಡುಗರು ಎತ್ತಿಕೊಂಡು ಹೋಗೋದು ಗೇರಿಲ್ಲದ ಸ್ಕೂಟರನ್ನ. ಅದಕ್ಕೆ ಎಂಟು ಕುದುರೆ ಇದ್ದರೆ ಹೆಚ್ಚು."

ಹುಡುಗ ಹೌದು ಹೌದು ಅಂತ ತಲೆಯಾಡಿಸಿದ. ಅಷ್ಟು ಜೋರಾಗಿ ಆಡಿಸಬಾರದಿತ್ತು. ತಾತ ಒಂದು ಸಲ ಕನ್ನಡಕದ ಮೇಲಿಂದ ನೋಡಿದರು.

ಈ ವಿಚಾರದಲ್ಲಿ ನನಗೆ ಗುರು ಯಾವ ಮೆಕ್ಯಾನಿಕ್ಕೂ ಅಲ್ಲ, ಮೈಸೂರಿನ ಜಟಕಾ ಸಾಬರು. ಚಿಕ್ಕವನಿದ್ದಾಗ ರೈಲ್ವೆ ಸ್ಟೇಷನ್ನಿಂದ ಮನೆಗೆ ಜಟಕಾದಲ್ಲೇ ಬರುತ್ತಿದ್ದೆವು. ನಮ್ಮ ದೊಡ್ಡಮ್ಮ ಒಳ್ಳೆ ಆಳು. ಅವರು ಹಿಂದಿನ ಮೆಟ್ಟಿಲ ಮೇಲೆ ಕಾಲಿಟ್ಟರೆಂದರೆ ಮೂಕಿ ಎರಡೂ ಮೇಲಕ್ಕೆದ್ದು, ಕುದುರೆಗೆ ಕಾಲು ನೆಲಕ್ಕೆ ಸಿಗುತ್ತೋ ಇಲ್ಲವೋ ಅನ್ನುವ ಹಾಗಾಗುತ್ತಿತ್ತು. ಸಾಬರು ಗಾಬರಿಯಾಗದೆ, "ಅಮ್ಮಾವ್ರೇ, ಸ್ವಲ್ಪ ಮುಂದಕ್ಕೆ ಬನ್ನಿ" ಅನ್ನುವರು. ದೊಡ್ಡಮ್ಮ ಹುಲ್ಲಿನ ಮೆತ್ತೆಯ ಮೇಲೆ ಎರಡು ಗೇಣು ಮುಂದೆ ಸರಿದರೆ ಸಾಕು, ಮೂಕಿ ಇಳಿದು ಗಾಡಿ ಸಮಕ್ಕೆ ಬರುತ್ತಿತ್ತು. ದೊಡ್ಡಮ್ಮನ ತೂಕ ಅಷ್ಟೇ, ಕುದುರೆಯೂ ಅದೇ. ಬದಲಾದದ್ದು ಅಚ್ಚಿನಿಂದ ಅವರು ಎಷ್ಟು ದೂರ ಕೂತರು ಅನ್ನುವುದು ಮಾತ್ರ. ಎತ್ತಿನ ಗಾಡಿಯವರು ಇದನ್ನೇ ಹಿಂಭಾರ, ಮುಂಭಾರ ಅನ್ನುತ್ತಾರೆ. ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಏಳುತ್ತದೆ, ಮುಂಭಾರವಾದರೆ ಎತ್ತಿನ ಕತ್ತು ಕುಸಿಯುತ್ತದೆ.

ಮೋಟಾರ್ ಸೈಕಲ್ಲೂ ಅಷ್ಟೇ, ಹಿಂದಿನ ಅಚ್ಚಿನ ಮೇಲೆ ನಿಂತ ಜಟಕಾ. ಸ್ಕೂಟರಿನ ಇಂಜಿನ್ನು ಇರುವುದು ಹಿಂಚಕ್ರದ ಪಕ್ಕದಲ್ಲೇ, ಸವಾರ ಕೂರುವುದೂ ಅದರ ಮೇಲೇ. ಹುಟ್ಟಾ ಹಿಂಭಾರದ ಗಾಡಿ. ಬುಲೆಟ್ಟಿನಲ್ಲಿ ಆ ಎರಕದ ಇಂಜಿನ್ನು ನಡುಮಧ್ಯೆ ಭೀಮನ ಹಾಗೆ ಕೂತು ಮುಂದಿನ ಚಕ್ರವನ್ನು ನೆಲಕ್ಕೆ ಒತ್ತಿಟ್ಟಿರುತ್ತದೆ.

"ಅದು ಅರ್ಧ ಮಾತು," ಅಂದರು ಮೇಷ್ಟ್ರು. ಅವರಿಗೆ ಈಗ ಸೀಮೆಸುಣ್ಣ ಸಿಕ್ಕಿದ ಹಾಗಿತ್ತು. ದಿನಪತ್ರಿಕೆಯ ಅಂಚಿನಲ್ಲೇ ಪೆನ್ನು ತೆಗೆದು ಚಿತ್ರ ಬರೆದರು. ಗಾಡಿ, ಸವಾರ ಇಬ್ಬರ ತೂಕವೂ ಒಂದು ಬಿಂದುವಿನಲ್ಲಿದೆ ಅಂದುಕೊಳ್ಳಬೇಕಂತೆ. ಆ ಬಿಂದು ನೆಲದಿಂದ ಎಷ್ಟು ಎತ್ತರದಲ್ಲಿದೆ, ಹಿಂದಿನ ಅಚ್ಚಿನಿಂದ ಎಷ್ಟು ಮುಂದಿದೆ, ಎರಡೇ ಪ್ರಶ್ನೆ. ಸಾಮಾನ್ಯ ಗಾಡಿಯಲ್ಲಿ ಎರಡೂ ಸುಮಾರಾಗಿ ಒಂದೇ. ಹಾಗಿದ್ದಾಗ ಮುಂಚಕ್ರ ಏಳಬೇಕಾದರೆ ಹಿಂಚಕ್ರ ನೆಲವನ್ನು ಒದೆಯುವ ಬಲ, ಗಾಡಿ ಮತ್ತು ಸವಾರನ ಒಟ್ಟು ತೂಕದ ಹತ್ತಿರ ಬರಬೇಕು. ಮೇಷ್ಟ್ರು ಬುಲೆಟ್ಟಿನ ಟಾರ್ಕು, ಒಂದನೇ ಗೇರು, ಸ್ಪ್ರಾಕೆಟ್ಟು, ಚಕ್ರದ ಅಳತೆ ಎಲ್ಲ ಹಾಕಿ ಗುಣಿಸಿದರು. ಬಂದದ್ದು ಅರ್ಧದ ಆಸುಪಾಸು. ಮತ್ತೊಮ್ಮೆ ಗುಣಿಸಿದರು. ಮತ್ತೂ ಅರ್ಧವೇ.

"ಇದು ಬರೀ ಆಕ್ಸಿಲೇಟರ್ ತಿರುವಿದಾಗಿನ ಲೆಕ್ಕ," ಅಂತ ಕಾಗದ ಮಡಿಸಿದರು. "ನಮ್ಮ ಗಾಡಿಯ ಫ್ಲೈವೀಲ್ ನೋಡಿದೀರಾ? ಒಳ್ಳೆ ರುಬ್ಬೋ ಗುಂಡು. ರೇಸ್ ಮಾಡಿ ಕ್ಲಚ್ಚನ್ನ ದಢಕ್ಕನೆ ಬಿಟ್ರೆ ಅದರಲ್ಲಿ ಕೂಡಿಟ್ಟ ಶಕ್ತಿ ಒಂದೇ ಏಟಿಗೆ ಚಕ್ರಕ್ಕೆ ಬರತ್ತೆ."

"ಬರತ್ತೆ, ನಿಮ್ಮ ಕ್ಲಚ್ ಪ್ಲೇಟು ಜಾರದೆ ಇದ್ರೆ."

ಆ ಪ್ಲೇಟುಗಳ ಸ್ಥಿತಿ ನಮ್ಮ ಬೀದಿಗೆಲ್ಲ ಗೊತ್ತು. ಮೇಷ್ಟ್ರು ದೇವರಾಜ ಮಾರುಕಟ್ಟೆಗೆ ಹೊರಟರೆ ಮೊದಲು ಸದ್ದು ಹೋಗುತ್ತದೆ, ಹಿಂದೆ ಅವರು ಹೋಗುತ್ತಾರೆ.

ಹುಡುಗನಿಗೆ ಅಷ್ಟರಲ್ಲಿ ಇನ್ನೊಂದು ಸಂಶಯ. ಹಾಗಾದ್ರೆ ವಿಂಟೇಜ್ ಗಾಡಿ ಯಾವುದೂ ಏಳಲ್ವಾ? ವಿಂಟೇಜ್ ಅಂದರೆ ಯಾವುದು ಅನ್ನುವುದೇ ಒಂದು ಜಗಳ. ಇಂಗ್ಲೆಂಡಿನ ಮೋಟಾರ್ ಸೈಕಲ್ ಶೋಕಿದಾರರ ಪ್ರಕಾರ 1930ರ ಒಳಗೆ ಹುಟ್ಟಿದ್ದು ಮಾತ್ರ ವಿಂಟೇಜ್. ಆ ಲೆಕ್ಕದಲ್ಲಿ ನನ್ನ ಜಾವಾ ಇನ್ನೂ ಅಂಗನವಾಡಿಗೆ ಹೋಗುವ ಮಗು. ಆಗಿನ ಗಾಡಿಗಳನ್ನು ನೋಡಿ: ಮೊದಲನೇ ಮಹಾಯುದ್ಧದಲ್ಲಿ ಸೈನ್ಯ ಸಾವಿರಗಟ್ಟಲೆ ಕೊಂಡ ಟ್ರಯಂಫ್ ಮಾಡೆಲ್ ಎಚ್, 550 ಸಿಸಿ. ಹಿಂಚಕ್ರಕ್ಕೆ ಚೈನಿಲ್ಲ, ಹಿಟ್ಟಿನ ಗಿರಣಿಯ ಹಾಗೆ ಬೆಲ್ಟು. ಮುಂಚಕ್ರ ಏಳುವಷ್ಟು ಎಳೆದರೆ ಮೊದಲು ಬೆಲ್ಟು ಜಾರುತ್ತದೆ. ಸರಿ, ಶಕ್ತಿ ಇದ್ದದ್ದನ್ನೇ ನೋಡೋಣ ಅಂದರೆ 1924ರ ಬ್ರಫ್ ಸುಪೀರಿಯರ್ ಎಸ್‌ಎಸ್ 100. ಗಂಟೆಗೆ ನೂರು ಮೈಲಿ ಓಡುತ್ತದೆ ಅಂತ ತಯಾರಕರೇ ಖಾತರಿ ಕೊಟ್ಟು ಮಾರಿದ ಗಾಡಿ. ಆದರೆ ಉದ್ದ, ಕುಳ್ಳು, ತೂಕವೆಲ್ಲ ನೆಲದ ಹತ್ತಿರ. ಬಾಣದ ಹಾಗೆ ಹೋಗುತ್ತದೆ, ಹೆಡೆ ಎತ್ತುವುದಿಲ್ಲ.

ಎತ್ತುವ ಗಾಡಿ ಬೇಕೆಂದರೆ 1964ರ ಬುಲ್ಟಾಕೊ ಶೆರ್ಪಾ ನೋಡಬೇಕು. ಸ್ಪೇನ್ ದೇಶದ್ದು, ಬಂಡೆ ಹತ್ತುವ ಸ್ಪರ್ಧೆಗೆ ಸ್ಯಾಮಿ ಮಿಲ್ಲರ್ ಅನ್ನುವ ಮಹಾಶಯ ಕೂತು ತಿದ್ದಿದ್ದು. ಸುಮಾರು 20 ಕುದುರೆ, ನೂರು ಕೆಜಿಯೂ ಇಲ್ಲ, ಒಂದನೇ ಗೇರು ಬಾವಿಯ ರಾಟೆಯಷ್ಟು ನಿಧಾನ. ಬಂಡೆ ಎದುರಾದರೆ ಮುಂಚಕ್ರವನ್ನು ಕರುವಿನ ಮೂತಿ ಎತ್ತಿದ ಹಾಗೆ ಎತ್ತಿ ಮೇಲಿಡುತ್ತದೆ. ಐದು ವರ್ಷ ಬಿಟ್ಟು, 1969ರಲ್ಲಿ, ನನ್ನ ಜಾವಾ ಹುಟ್ಟಿದ ವರ್ಷವೇ, ಜಪಾನಿನ ಕವಾಸಾಕಿ ಎಚ್ 1 ಬಂತು. 500 ಸಿಸಿ, ಟೂ ಸ್ಟ್ರೋಕು, ಮೂರು ಸಿಲಿಂಡರು, 60 ಕುದುರೆ. ಅದರಲ್ಲಿ ಮುಂಚಕ್ರ ಎತ್ತುವುದಕ್ಕಲ್ಲ, ಇಳಿಸುವುದಕ್ಕೆ ವಿದ್ಯೆ ಬೇಕಾಗಿತ್ತು. ಇಬ್ಬರೂ ಒಂದೇ ಸಾಲಿನ ಮಕ್ಕಳು. ಹೋಲಿಸಿದರೆ ನನಗೇ ಬೇಜಾರು.

"ಅಂದ್ರೆ ಅಂಕಲ್, ಜಾವಾ ಏಳಲ್ಲ."

ಏಳುತ್ತದೆ. ಎದ್ದಿದೆ. ನಾಲ್ಕು ದಶಕದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಬೇಲಿಯ ಮುಂದೆ ಹೇಳಬೇಕಾಯಿತು.

1983. ನನಗೆ ಇಪ್ಪತ್ತು. ಊರಿಂದ ಮೈಸೂರಿಗೆ ಅಕ್ಕಿ ತರುವುದು ನನ್ನ ಕೆಲಸ. ಆವತ್ತು 50 ಕೆಜಿಯ ಮೂಟೆಯನ್ನು ಚಿಕ್ಕಪ್ಪ ಕ್ಯಾರಿಯರ್ ಮೇಲೆ ಹಗ್ಗ ಹಾಕಿ ಬಿಗಿದರು. ನಾನು ಕೂರಲು ಜಾಗ ಬೇಕಲ್ಲ, ಅದಕ್ಕೆ ಮೂಟೆಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ತಳ್ಳಿದರು. ಅಚ್ಚು ದಾಟಿ ಆಚೆಗೆ. ದೊಡ್ಡಮ್ಮ ಮೆಟ್ಟಿಲ ಮೇಲೆ ನಿಂತ ಜಾಗಕ್ಕೆ ಸರಿಯಾಗಿ.

ಊರು ಬಿಟ್ಟ ಕೂಡಲೇ ಕೆರೆ ಏರಿ. ಅರ್ಧ ಹತ್ತುವಷ್ಟರಲ್ಲಿ ಎದುರಿಗೆ ಎಮ್ಮೆ ಹಿಂಡು. ನಿಲ್ಲಿಸಿದೆ. ಇಲ್ಲಿ ಜಾವಾದ ಒಂದು ಗುಣ ಹೇಳಬೇಕು. ಕಿಕ್ಕರ್, ಗೇರು ಎರಡಕ್ಕೂ ಅದರಲ್ಲಿ ಒಂದೇ ಲಿವರು. ಇನ್ನೊಂದು, ಕಾಲಲ್ಲಿ ಗೇರಿನ ಲಿವರು ಆಡಿಸಿದರೆ ಕ್ಲಚ್ಚು ತಾನೇ ಬಿಡಿಸಿಕೊಳ್ಳುತ್ತದೆ, ಕಾಲು ತೆಗೆದರೆ ಹಿಡಿದುಕೊಳ್ಳುತ್ತದೆ, ಕೈಯ ಕ್ಲಚ್ಚೇ ಬೇಡ. ನಿಧಾನವಾಗಿ ಕಾಲು ತೆಗೆಯಬೇಕು ಅನ್ನುವುದು ಶಾಸ್ತ್ರ. ನಾನು ಒಂದನೇ ಗೇರಿಗೆ ಲಿವರು ಹಾಕಿ, ಏರಿ ಹತ್ತಬೇಕಲ್ಲ ಅಂತ ಆಕ್ಸಿಲೇಟರ್ ಪೂರ್ತಿ ತಿರುವಿಕೊಂಡು ಕಾಯುತ್ತಿದ್ದೆ. ಹವಾಯಿ ಚಪ್ಪಲಿ ಸವೆದಿತ್ತು. ಕಾಲು ಜಾರಿತು.

ಆಮೇಲೆ ನನಗೆ ಕಂಡದ್ದು ರಸ್ತೆಯಲ್ಲ. ಹೆಡ್‌ಲೈಟು, ಅದರ ಮೇಲೆ ಆಕಾಶ, ಒಂದು ಬೆಳ್ಳಕ್ಕಿ. ಎಷ್ಟು ಹೊತ್ತು ಅಂತ ಕೇಳಬೇಡಿ, ಒಂದು ಸೆಕೆಂಡು ಇರಬಹುದು. ನಾನು ಪೂರ್ತಿ ಮಗುಚದೆ ಉಳಿದದ್ದು ಅದೇ ಮೂಟೆಯಿಂದ. ಅದು ಹಿಂದೆ ನೆಲಕ್ಕೆ ಕೂತು ಗಾಡಿಗೆ ಮಣೆ ಕೊಟ್ಟಿತು. ಹಗ್ಗ ಕಿತ್ತು, ಮೂಟೆ ಬಿರಿದು, ಮುಂಚಕ್ರ ದಬಾರನೆ ಕೆಳಗೆ ಬಿತ್ತು. ಎಮ್ಮೆಗಳು ಅಕ್ಕಿ ತಿನ್ನಲು ನಿಂತವು. ಎಮ್ಮೆ ಕಾಯುವ ಹುಡುಗ ಮಾತ್ರ ಇದನ್ನೆಲ್ಲ ಸಾಕ್ಷಿಯಾಗಿ ನೋಡಿ, "ಇನ್ನೊಂದ್ಸಲ ಎತ್ತಣ್ಣ" ಅಂದ.

ಮನೆಗೆ ಬಂದಾಗ ಹ್ಯಾಂಡಲ್ಲು ಒಂದು ಕಡೆಗೆ ಕಟಕಟ ಅನ್ನುತ್ತಿತ್ತು. ಕೋನ್ ಸೆಟ್ ಹೋಗಿತ್ತು, ಫೋರ್ಕೂ ಸೊಟ್ಟ. ಅಪ್ಪನಿಗೆ ಗುಂಡಿಗೆ ಬಿತ್ತು ಅಂದೆ. ಗಾಡಿ ಏಳುವುದಕ್ಕೆ ದುಡ್ಡು ಬೇಡ ನೋಡಿ, ಇಳಿಯುವುದಕ್ಕೇ ದುಡ್ಡು. ಆಗ ಬಿಡಿಭಾಗ ಯಾದವಗಿರಿಯಿಂದಲೇ ಬರುತ್ತಿತ್ತು. ಈಗ ಅಂಥ ಫೋರ್ಕು ಹುಡುಕಲು ಗುಜರಿ ಗುಜರಿ ಅಲೆಯಬೇಕು.

ಹುಡುಗ ಬೇಲಿ ದಾಟಿ ಈಚೆಗೇ ಬಂದುಬಿಟ್ಟ. ಮುಖದಲ್ಲಿ ಕಳೆ. "ಅಂಕಲ್, ಈಗ ಒಂದ್ಸಲ ನಾನು..."

ಮೇಷ್ಟ್ರು ಅಲ್ಲಿಂದಲೇ ಅಂದರು: "ನೆಲಮಂಗಲದ ಹತ್ತಿರ 2024ರಲ್ಲಿ ವೀಲಿಂಗ್ ಹುಡುಗರ ಸ್ಕೂಟರನ್ನ ಜನ ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದ್ರಲ್ಲ, ಮರೆತ್ಯಾ? ನಿನಗಿನ್ನೂ ಹದಿನಾರು. 2019ರ ತಿದ್ದುಪಡಿ ಪ್ರಕಾರ ನೀನು ರಸ್ತೇಲಿ ಸಿಕ್ಕಿಬಿದ್ರೆ 25,000 ದಂಡ, ಮೂರು ವರ್ಷದವರೆಗೂ ಜೈಲು. ನಿನಗಲ್ಲ, ನಿಮ್ಮಪ್ಪನಿಗೆ. ಇಲ್ಲಾ ಗಾಡಿ ಯಜಮಾನನಿಗೆ."

ಗಾಡಿ ಯಜಮಾನ ತಕ್ಷಣ ಬೀಗದ ಕೈ ಜೇಬಿಗೆ ಹಾಕಿಕೊಂಡ.

"ಇವರು ಅದನ್ನ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿದರೂ ಆಗಲ್ಲ," ಮೇಷ್ಟ್ರು ಬಿಡಲಿಲ್ಲ. "2021ರ ನಿಯಮ. 50 ವರ್ಷ ದಾಟಿದ ಗಾಡಿ ರಸ್ತೆಗೆ ಬರಬಹುದಾದ್ದು ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ. ಆ ಪಟ್ಟೀಲಿ ವೀಲಿಂಗ್ ಎಲ್ಲೂ ಕಾಣ್ಲಿಲ್ಲ ನನಗೆ."

ಒಳಗಿನಿಂದ ನನ್ನ ಹೆಂಡತಿ, ತಿಂಡಿ ಆರಿ ತಣ್ಣಗಾಯಿತು, ಆ ಗಾಡಿಗೇ ಉಪ್ಪಿಟ್ಟು ತಿನ್ನಿಸಿ ಅಂದಳು. ಮೇಷ್ಟ್ರು ಲೋಟ ಹಿಡಿದು ಹೊರಟರು. ಸಂಜೆ ಅವರ ಶೆಡ್ಡಿನಿಂದ ಬುಲೆಟ್ಟು ರೇಸ್ ಆಗುವ ಸದ್ದು ಕೇಳಿತು, ಏನೋ ಜಾರಿದ ಸದ್ದು, ಆಮೇಲೆ ಸುಟ್ಟ ವಾಸನೆ. ನಾನು ಬೇಲಿ ಹತ್ತಿರ ಹೋಗಲಿಲ್ಲ. ನೆರೆಹೊರೆ ಅಂದಮೇಲೆ ಎಲ್ಲವನ್ನೂ ನೋಡಬಾರದು.

ಹುಡುಗನಿಗೆ ನಾನು ಕೊಟ್ಟ ತೀರ್ಪು ಇಷ್ಟು: ಜಾವಾ ಏಳುತ್ತದಪ್ಪಾ. ಅದಕ್ಕೆ 12 ಕುದುರೆ, ಒಂದು ಕೆರೆ ಏರಿ, ಒಂದು ಸವೆದ ಹವಾಯಿ ಚಪ್ಪಲಿ ಮತ್ತು 50 ಕೆಜಿ ದಪ್ಪಕ್ಕಿ ಬೇಕು.